ಲ್ಯಾಪ್‌ಟಾಪಿನ ನಿದ್ದೆಗೆ ಎಚ್ಚರಪ್ಪನ ಪಹರೆ

ಲ್ಯಾಪ್‌ಟಾಪು ಮಲಗಿತು ಅಂದರೆ ಎಚ್ಚರಪ್ಪನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ತಾನು ಮಾತಾಡುವಾಗ ಎದುರಿಗಿದ್ದವರು ಆಕಳಿಸಿದರೇ ಸಹಿಸದ ಆಸಾಮಿ. ಇನ್ನು ಒಂದು ಯಂತ್ರ ಕಣ್ಣು ಮುಚ್ಚಿದರೆ ಬಿಟ್ಟಾನೆಯೇ?

ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ಮಗ್ಗದ ಮೆಕ್ಯಾನಿಕ್ ಆಗಿದ್ದವನು. ಅದರಲ್ಲಿ ಅರ್ಧ ಆಯುಷ್ಯ ಮಗ್ಗದ ಮುಂದೆ, ಇನ್ನರ್ಧ ಗೇಟಿನ ಮುಂದೆ. ದೊಡ್ಡ ಮುಷ್ಕರದಲ್ಲಿ ಮೂರು ದಿನ ರೆಪ್ಪೆ ಮಿಟುಕಿಸದೆ ಗೇಟು ಕಾದದ್ದಕ್ಕೆ ಸಂಗಾತಿಗಳು ದಯಪಾಲಿಸಿದ ಬಿರುದು ‘ಎಚ್ಚರಪ್ಪ’. ಹೆತ್ತವರು ಇಟ್ಟ ಹೆಸರು ಪಿಂಚಣಿ ಕಾಗದದಲ್ಲಿ ಮಾತ್ರ ಉಳಿದಿತ್ತು. (ಅದನ್ನು ಕೂಗಿದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ.)

ಈಗ ಯೂನಿಯನ್ನಿನವರು ಆ ಮುಷ್ಕರದ ಸ್ಮರಣ ಸಂಚಿಕೆ ತರುತ್ತಿದ್ದರು. ಹಳೆಯ ಸೆಕ್ರೆಟರಿ ಫೋನು ಮಾಡಿ, “ಎರಡು ಪುಟ ಬರೆದುಕೊಡು ಮಾರಾಯ. ಶನಿವಾರ ಸಂಜೆ ಐದಕ್ಕೆ ಬಂದು ತಗೊಂಡ್ಹೋಗ್ತೀನಿ. ಆಮೇಲೆ ಅಚ್ಚಿಗೆ ಹೋಗತ್ತೆ,” ಅಂದಿದ್ದ. ಮಗಳು ತನ್ನ ಹಳೇ ಲ್ಯಾಪ್‌ಟಾಪು ಕೊಟ್ಟಳು. ಎಚ್ಚರಪ್ಪ ಹೇಳುವುದು, ಹೆಂಡತಿ ಒಂದೇ ಬೆರಳಲ್ಲಿ ಕುಟ್ಟುವುದು. ಅವಳೂ ಅದೇ ಗಿರಣಿಯಲ್ಲಿ ನೂಲು ಸುತ್ತುವ ವಿಭಾಗದಲ್ಲಿದ್ದವಳು. ಬೆರಳಿಗೆ ಚುರುಕು, ನಾಲಿಗೆಗೆ ಅದಕ್ಕಿಂತ ಚುರುಕು.

“ಬರ್ಕೋ. ‘ಬಾವುಟದ ಕೋಲನ್ನು ಅಪ್ಪಿ ನಿಂತ ಆ ಧೀರನ ಕಣ್ಣುಗಳಲ್ಲಿ...’ ಕಣ್ಣುಗಳಲ್ಲಿ... ಏನು ಹಾಕೋಣ?”

“ಪಿಸುರು.”

“ತಮಾಷೆ ಬೇಡ ಕಣೇ. ‘ಜ್ವಾಲೆ’ ಹಾಕೋಣ್ವಾ, ‘ಜ್ವಾಲಾಮುಖಿ’ ಹಾಕೋಣ್ವಾ?”

ಅವನು ಜ್ವಾಲೆಗೂ ಜ್ವಾಲಾಮುಖಿಗೂ ನಡುವೆ ತೂಗಾಡುತ್ತಿದ್ದಂತೆ ಪರದೆ ಕಪ್ಪಾಯಿತು. ಲ್ಯಾಪ್‌ಟಾಪು ನಿದ್ದೆ ಹೋಗಿತ್ತು.

“ಅದಕ್ಕಾದ್ರೂ ಬುದ್ಧಿ ಇದೆ,” ಅಂದಳು ಹೆಂಡತಿ. “ರೀ, ಈ ಜ್ವಾಲಾಮುಖಿ ಬದಿಗಿಡಿ. ಅವತ್ತು ಗೇಟಿಗೆ ಬಂದ ಮಾಲಿನ ಲಾರಿ ಹಿಂದಕ್ಕೆ ಹೋಗಿದ್ದು ನಮ್ಮ ವಿಭಾಗದ ಹದಿನೆಂಟು ಹೆಂಗಸರು ಚಕ್ರದ ಮುಂದೆ ಕೂತಿದ್ದಕ್ಕೆ. ಅದನ್ನ ಎಲ್ಲಿ ಹಾಕ್ತೀರಿ?”

“ಹಾಕಿದ್ದೀನಲ್ಲ! ‘ಮಹಿಳೆಯರೂ ಸಹಕರಿಸಿದರು.’”

“ಹದಿನೆಂಟು ಜನಕ್ಕೆ ಎರಡು ಪದ. ತಲೆಗೊಂದು ಅಕ್ಷರಾನೂ ಬರಲ್ಲ.”

ಎಚ್ಚರಪ್ಪ ಬೆರಳು ಮಡಚಿ ಎಣಿಸಿದ. ಹನ್ನೆರಡೇ ಬಂತು. “ಜಾಗ ಎಲ್ಲಿದೆ? ಇರೋದೇ ಎರಡು ಪುಟ,” ಅಂದು ವಿಷಯ ತೇಲಿಸಿದ. ಗಿರಣಿಯಲ್ಲಿದ್ದಷ್ಟೂ ವರ್ಷ, ಏನು ಕೇಳಿದರೂ, ಆಡಳಿತ ವರ್ಗ ಅವನಿಗೆ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ಆ ಲಾರಿ ಮಾತ್ರ ತನ್ನ ಒಂದೇ ಘೋಷಣೆಗೆ ಬಾಲ ಮುದುರಿಕೊಂಡು ಓಡಿತೆಂಬುದು ಅವನ ಅಚಲ ನಂಬಿಕೆ. ಲಾರಿ ಹಿಂದೆ ಸರಿಯುವುದನ್ನು ಕಣ್ಣಾರೆ ಕಂಡಿದ್ದನಲ್ಲ!

ಶುಕ್ರವಾರ ಸಂಜೆ ಮಗಳು ಶಾಲೆಯಿಂದ ಬಂದಾಗ (ಅವಳು ಟೀಚರು) ಎಚ್ಚರಪ್ಪ ದೂರು ದಾಖಲಿಸಿದ.

“ಐದು ನಿಮಿಷ ಯಾರೂ ಮುಟ್ಲಿಲ್ಲ ಅಂದ್ರೆ ಮಲ್ಕೊಳ್ಳೋ ಹಾಗೆ ಇಟ್ಟಿದ್ದೀನಿ ಅಪ್ಪಾ. ಬ್ಯಾಟರಿ ಉಳೀಲಿ ಅಂತ.”

“ಐದೇ ನಿಮಿಷಕ್ಕಾ? ಇಂಥೋರನ್ನ ಕಟ್ಕೊಂಡು ಮುಷ್ಕರ ಮಾಡಿದ್ರೆ ಮುಗೀತು ಕಥೆ.”

ಮಗಳು ಸೆಟ್ಟಿಂಗ್ಸ್ ತೆರೆದು ತೋರಿಸಿದಳು. ಅಲ್ಲಿ ನೋಡಿದರೆ ನಿದ್ದೆಗೆ ಒಂದು ಇಲಾಖೆಯೇ ಇತ್ತು. ವೈರು ಚುಚ್ಚಿದ್ದರೆ ಎಷ್ಟು ಹೊತ್ತಿಗೆ ಮಲಗಬೇಕು, ಬ್ಯಾಟರಿಯಲ್ಲಿದ್ದರೆ ಎಷ್ಟು ಹೊತ್ತಿಗೆ, ಮುಚ್ಚಳ ಹಾಕಿದರೆ ಏನು ಮಾಡಬೇಕು. ಎಚ್ಚರಪ್ಪನ ಸಿಟ್ಟು ಇಳಿದು ಕುತೂಹಲ ಏರಿತು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

“ಈ ‘ಸ್ಲೀಪ್’ ಅಂದ್ರೆ?”

“ಬಸ್ಸಲ್ಲಿ ಕೂತು ತೂಕಡಿಸಿದ ಹಾಗೆ. ಸ್ವಲ್ಪ ಕರೆಂಟು ಕುಡೀತಾ ಇರತ್ತೆ, ಮುಟ್ಟಿದ ತಕ್ಷಣ ಏಳತ್ತೆ. ಪಕ್ಕದಲ್ಲಿ ಈ ಪುಟ್ಟ ದೀಪ ಮಿಣಮಿಣ ಅಂತಿರತ್ತೆ, ನೋಡು. ಇನ್ನೊಂದಿದೆ, ‘ಹೈಬರ್ನೇಟ್’. ಅದು ಮಾಡ್ತಿದ್ದ ಕೆಲಸವನ್ನೆಲ್ಲ ಡಿಸ್ಕಿನಲ್ಲಿ ಬರೆದಿಟ್ಟು ಪೂರ್ತಿ ಆರಿಹೋಗತ್ತೆ. ದೀಪಾನೂ ಇರಲ್ಲ. ಕರಡಿ ಚಳಿಗಾಲದಲ್ಲಿ ಗವಿ ಸೇರ್ಕೊಂಡ ಹಾಗೆ. ಮುಟ್ಟಿದ್ರೆ ಏಳಲ್ಲ, ಗುಂಡಿ ಒತ್ತಿ ಎಬ್ಬಿಸ್ಬೇಕು. ಎದ್ದ ಮೇಲೆ ಎಲ್ಲಿಗೆ ನಿಲ್ಸಿತ್ತೋ ಅಲ್ಲಿಂದಾನೇ ಶುರು.”

“ಅರ್ಧ ವಾಕ್ಯ ಆಗಿದ್ರೆ?”

“ಅರ್ಧ ವಾಕ್ಯದಿಂದಾನೇ.”

ಎಚ್ಚರಪ್ಪ ಗದ್ದ ಕೆರೆದುಕೊಂಡ. “ಎದ್ದ ಮೇಲೆ, ತಾನು ಮಲಗಿದ್ದೆ ಅಂತ ಅದಕ್ಕೆ ಗೊತ್ತಿರತ್ತಾ?”

“ಗಡಿಯಾರ ನೋಡ್ಕೊಂಡ್ರೆ ಗೊತ್ತಾಗ್ಬೇಕು ಅಷ್ಟೇ. ಇಲ್ಲಾಂದ್ರೆ ನಡುವೆ ಏನೂ ಆಗೇ ಇಲ್ಲ ಅನ್ನೋ ಹಾಗೆ.”

“ಪಾಪದ್ದು,” ಅಂದ ಎಚ್ಚರಪ್ಪ, ಮನಃಪೂರ್ವಕವಾಗಿ.

ಪಾಪ ಅಂದರೂ ನಿದ್ದೆಯನ್ನು ಮಾತ್ರ ಮನ್ನಿಸಲಿಲ್ಲ. ಮಗಳು ಅತ್ತ ಹೋದದ್ದೇ ತಡ, ಎಲ್ಲ ಸಾಲಿನಲ್ಲೂ ‘ಎಂದಿಗೂ ಬೇಡ’ ಎಂದು ಒತ್ತಿಬಿಟ್ಟ. ಬೆಳಗಾಗುವಷ್ಟರಲ್ಲಿ ಮಂಚದ ಕಂಬಳಿ ಮೇಲಿದ್ದ ಲ್ಯಾಪ್‌ಟಾಪು ಇಸ್ತ್ರಿ ಪೆಟ್ಟಿಗೆಯಂತೆ ಕಾದಿತ್ತು. ಅದರ ಫ್ಯಾನು ಗಿರಣಿಯ ಮೊದಲ ಪಾಳಿಯ ಹಾಗೆ ಮೊರೆಯುತ್ತಿತ್ತು.

“ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿಶ್ರಾಂತಿ ಅಂತ ಗಂಟಲು ಹರ್ಕೊಂಡೋರು ಯಾರು?” ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. “ಟೀ ಕುಡಿಯೋಕೆ ಹತ್ತು ನಿಮಿಷ ಕೊಡ್ಲಿಲ್ಲ ಅಂತ ಮಗ್ಗ ನಿಲ್ಸಿದೋರು ಯಾರು? ಈ ಬಡಪಾಯಿಗೆ ಇಡೀ ರಾತ್ರಿ ಪಾಳಿ ಹಾಕಿದ್ದೀರಲ್ಲ, ನಿಮಗೂ ಆ ಮಾಲೀಕನಿಗೂ ಏನ್ರೀ ವ್ಯತ್ಯಾಸ?”

ಈ ಏಟು ನೇರ ಎದೆಗೆ ಬಿತ್ತು. ಹೆಂಡತಿ ಅವನನ್ನು ಕೋಣ, ಕತ್ತೆ, ಏನಂದರೂ ನಕ್ಕುಬಿಡುತ್ತಿದ್ದ. ಮಾಲೀಕ ಎಂದು ಇದೇ ಮೊದಲು ಅಂದದ್ದು. ಎಚ್ಚರಪ್ಪ ತಕ್ಷಣ ಕಾಗದ ತೆಗೆದುಕೊಂಡು ಲ್ಯಾಪ್‌ಟಾಪಿನ ಪರವಾಗಿ ಬೇಡಿಕೆ ಪಟ್ಟಿ ಬರೆದ. ಮುಚ್ಚಳ ಹಾಕಿದೊಡನೆ ಸ್ಲೀಪ್. ಅರ್ಧ ಗಂಟೆಯ ನಂತರ, ಯಾರ ಅಪ್ಪಣೆಗೂ ಕಾಯದೆ, ಹೈಬರ್ನೇಟ್. ಆಡಳಿತ ವರ್ಗದ ಕಡೆಯಿಂದಲೂ ತಾನೇ ಕೂತು ಮಾತುಕತೆ ನಡೆಸಿ ಒಪ್ಪಿಕೊಂಡ.

ಆದರೆ ಹೈಬರ್ನೇಟ್ ಎಂಬ ಪದ ಮೆನುವಿನಲ್ಲಿ ಕಾಣಲೇ ಇಲ್ಲ! ಶಾಲೆಯಲ್ಲಿದ್ದ ಮಗಳಿಗೆ ಫೋನು ಮಾಡಿ, ಅವಳು ಹೇಳಿದಂತೆ ಒಂದರೊಳಗೊಂದು ನಾಲ್ಕು ಬಾಗಿಲು ದಾಟಿದಾಗ, ಎಲ್ಲೋ ಮೂಲೆಯಲ್ಲಿ ಸಿಕ್ಕಿತು.

“ನೋಡ್ದೇನೇ! ಗಿರಣಿಯ ನಿಯಮಾವಳಿಯಲ್ಲಿ ರಜೆಯ ಕಲಮನ್ನ ಕೊನೇ ಪುಟದ ಅಡಿಯಲ್ಲಿ ಬಚ್ಚಿಟ್ಟಿರಲಿಲ್ವಾ? ಅದೇ ಕಿತಾಪತಿ. ವಿಶ್ರಾಂತಿಯ ಹಕ್ಕು ಎಲ್ಲಿದ್ರೂ ಬಚ್ಚಿಟ್ಟೇ ಇರತ್ತೆ.”

ಒಪ್ಪಂದವೇನೋ ಆಯಿತು. ಜಾರಿಯಾಯಿತೇ? ಆಡಳಿತದ ಮಾತನ್ನು ಪರಿಶೀಲಿಸದೆ ನಂಬಬಾರದೆಂಬುದು ಅವನ ಜೀವಮಾನದ ಪಾಠ. ಮುಚ್ಚಳ ಹಾಕಿದ, ಮಲಗಿದೆಯೋ ಎಂದು ತೆರೆದು ನೋಡಿದ, ಎದ್ದೇ ಇತ್ತು. ಮತ್ತೆ ಹಾಕಿದ, ಸದ್ದಿಲ್ಲದೆ ಸಂದಿಯಲ್ಲಿ ಇಣುಕಿದ, ಆಗಲೂ ಎದ್ದಿತ್ತು. ಏಳು ಸಲ ಹೀಗೆ ಹಠಾತ್ ತಪಾಸಣೆ ನಡೆಯಿತು.

“ಮಲಗಿದ ಮಗೂನ ಅಲ್ಲಾಡ್ಸಿ ‘ಮಲಗಿದ್ಯೇನೋ’ ಅಂತ ಕೇಳಿದ ಹಾಗಾಯ್ತು,” ಅಂದಳು ಹೆಂಡತಿ.

ಆಗ ಅವನಿಗೆ ಪಕ್ಕದ ಪುಟ್ಟ ದೀಪ ನೆನಪಾಯಿತು. ಮಿಣುಕಿದರೆ ಸ್ಲೀಪ್, ಆರಿದರೆ ಹೈಬರ್ನೇಟ್. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಮುಚ್ಚಳ ಹಾಕಿ, ಮೊಬೈಲನ್ನು ನೀರಿನ ಲೋಟಕ್ಕೆ ಒರಗಿಸಿ ವಿಡಿಯೋ ಚಾಲೂ ಮಾಡಿದ. ಬರೀ ಯಂತ್ರದ ಸಾಕ್ಷಿ ಸಾಲದು, ಪ್ರತ್ಯಕ್ಷ ಸಾಕ್ಷಿಯೂ ಬೇಕೆಂದು ಮೇಜಿನಾಚೆ ಆರಾಮ ಕುರ್ಚಿಯಲ್ಲಿ ತಾನೇ ಕೂತ. ಅರ್ಧ ಗಂಟೆ ತಾನೇ? ಮೂರು ದಿನ ಗೇಟು ಕಾದ ಕಣ್ಣುಗಳಿವು!

ಸಂಜೆ ಸೆಕ್ರೆಟರಿ ಬಂದಾಗ ಮಗಳೂ ಬಂದಿದ್ದಳು. ಎಚ್ಚರಪ್ಪ ಲೇಖನದ ಸುದ್ದಿ ಬಿಟ್ಟು ತನಿಖಾ ವರದಿ ಒಪ್ಪಿಸತೊಡಗಿದ.

“ಎರಡೂವರೆಗೆ, ಸೆಕೆಂಡು ಆಚೀಚೆ ಇಲ್ಲ, ದೀಪ ಆರಿತು. ಕಣ್ಣು ಕೀಳದೆ ನೋಡಿದ್ದೀನಿ. ಬೇಕಾದ್ರೆ ವಿಡಿಯೋ ಇದೆ.”

“ಬೇಡ ಬಿಡಿ, ಅವರಿಗೆ ಟೀ ಆರೋಗತ್ತೆ,” ಅಂದಳು ಹೆಂಡತಿ, ಎಂದೂ ಇಲ್ಲದ ಗಾಬರಿಯಲ್ಲಿ.

“ಸಾಕ್ಷ್ಯ ಅಂದ್ಮೇಲೆ ಬಹಿರಂಗ ಆಗ್ಲೇಬೇಕು,” ಅಂದು ಎಚ್ಚರಪ್ಪ ತಾನೇ ಗುಂಡಿ ಒತ್ತಿದ.

ಪರದೆಯ ಮೇಲೆ ಮುಚ್ಚಿದ ಲ್ಯಾಪ್‌ಟಾಪು, ಮಿಣುಕುವ ದೀಪ, ಹಿಂದೆ ಒಂದು ಹೊಟ್ಟೆ. ಎರಡು ಗಂಟೆ ನಾಲ್ಕು ನಿಮಿಷಕ್ಕೆ ಹೊಟ್ಟೆ ನಿಧಾನಕ್ಕೆ ಏರಿಳಿಯತೊಡಗಿತು. ಆರನೇ ನಿಮಿಷಕ್ಕೆ ಗೊರಕೆ ಶುರುವಾಯಿತು. ಲೋಟದ ನೀರಿನಲ್ಲಿ ಅಲೆ ಎದ್ದಿತೋ ಏನೋ, ಚಿತ್ರವೇ ನಡುಗಿತು.

“ಯಾರದ್ದಪ್ಪಾ ಅದು?” ಅಂದಳು ಮಗಳು.

“ಹೊಟ್ಟೆ ನೋಡಿ ಮನುಷ್ಯನ್ನ ಗುರುತಿಸೋಕಾಗತ್ತಾ? ಮುಖ ಎಲ್ಲಿದೆ?” ಅಂದ ಎಚ್ಚರಪ್ಪ. ಅಷ್ಟರಲ್ಲಿ ಚಿತ್ರದೊಳಗೆ ಹೆಂಡತಿ ಕಾಲ್ಬೆರಳ ಮೇಲೆ ನಡೆದು ಬಂದಳು. ಲ್ಯಾಪ್‌ಟಾಪು ತೆರೆದಳು. ಒಂದೇ ಬೆರಳಲ್ಲಿ ಟಕ್, ಟಕ್, ಟಕ್ ಎಂದು ಕುಟ್ಟಿದಳು, ಅರ್ಧ ಗಂಟೆ. (ಮಗಳು ವಿಡಿಯೋ ಮುಂದಕ್ಕೆ ಓಡಿಸಿದಳು.) ಗೊರಕೆ ಒಮ್ಮೆ ಕೆಮ್ಮಾದದ್ದೇ ಮುಚ್ಚಳ ಹಾಕಿ ಮಾಯವಾದಳು. ದೀಪ ಆರಿದ್ದು ಮೂರೂ ಹತ್ತಕ್ಕೆ.

“ಏನೇ ಬರೆದೆ?”

“ಏನಾದ್ರೇನು? ಉಳಿಸಿಡೋಕೆ ಪುರಸೊತ್ತೇ ಆಗ್ಲಿಲ್ಲ. ಹೋಯ್ತು ಅದು.”

“ಹೋಗಲ್ಲ ಅಮ್ಮಾ. ಅಪ್ಪ ಹೈಬರ್ನೇಟಿಗೆ ಇಟ್ಟಿದ್ದಾರಲ್ಲ,” ಅಂದು ಮಗಳು ಗುಂಡಿ ಒತ್ತಿದಳು. ಲ್ಯಾಪ್‌ಟಾಪು ಮೈಮುರಿದು ಎದ್ದಿತು. ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ, ಅರ್ಧ ವಾಕ್ಯ ಸಮೇತ. ಸೆಕ್ರೆಟರಿ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದ.

‘ಎರಡನೇ ದಿನ ಮಧ್ಯಾಹ್ನ ನಮ್ಮ ಎಚ್ಚರಪ್ಪನವರು “ಬೇಕೇ” ಎಂದು ಕೂಗಿದವರು, ಬಾವುಟದ ಕೋಲು ತಬ್ಬಿಕೊಂಡು ನಿಂತಲ್ಲೇ ನಿದ್ದೆ ಹೋದರು. ಮುಟ್ಟಿದರೂ ಏಳಲಿಲ್ಲ, ನೀರು ಚಿಮುಕಿಸಿದರೂ ಏಳಲಿಲ್ಲ. ಆಗ ಗಿರಣಿಯೊಳಗಿಂದ ಬಟ್ಟೆ ತುಂಬಿದ ಲಾರಿ ಬಂತು. ನೂಲು ವಿಭಾಗದ ನಾವು ಹದಿನೆಂಟು ಹೆಂಗಸರು ಚಕ್ರದ ಮುಂದೆ ಕೂತೆವು. ಚಾಲಕ ಎರಡು ಗಂಟೆ ಬೈದ, ನಾವೂ ಬೈದೆವು. ನಮ್ಮ ಬೈಗುಳ ಹೆಚ್ಚು ಬಾಳಿತು. ಲಾರಿ ಹಿಂದಕ್ಕೆ ಸರಿಯುವ ಹೊತ್ತಿಗೆ ಇವರು ಕಣ್ಣು ಬಿಟ್ಟು “ಬೇಕು!” ಎಂದರು. ಕುಳಿತಿದ್ದ ಹದಿನೆಂಟು ಜನರ ಹೆಸರು...’

ಅಲ್ಲಿಗೆ ನಿಂತಿತ್ತು.

“ಹೆಸರುಗಳನ್ನ ಹಾಕಿ ಕೊಡು ಅತ್ತಿಗೆ. ಇದೇ ಅಚ್ಚಾಗ್ಲಿ,” ಅಂದ ಸೆಕ್ರೆಟರಿ.

“ಸುಳ್ಳು!” ಎಚ್ಚರಪ್ಪ ಎದ್ದು ನಿಂತ. “ನಾನು ‘ಬೇಕೇ’ ಅಂದೆ, ‘ಬೇಕು’ ಅಂದೆ, ನಡುವೆ ಒಂದು ಉಸಿರು ಅಷ್ಟೇ! ನಿದ್ದೆ ಮಾಡಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?”

ಮಗಳು ಗೋಡೆ ಗಡಿಯಾರ ನೋಡಿದಳು.

“ಹಾಗಿದ್ಮೇಲೆ... ಎಚ್ಚರಪ್ಪ ಅಂತ ಹೆಸರಿಟ್ಟಿರಲ್ಲ? ಇಡೀ ಯೂನಿಯನ್ನು ಕರೀತಲ್ಲ?” ಎಚ್ಚರಪ್ಪ ಸೆಕ್ರೆಟರಿಯತ್ತ ತಿರುಗಿದ.

ಸೆಕ್ರೆಟರಿ ಟೀ ಲೋಟ ಕೆಳಗಿಟ್ಟ. “ಮತ್ತೆ ಯಾಕಿಟ್ವಿ ಅಂದ್ಕೊಂಡಿದ್ದೆ ಮಾರಾಯ? ನಮ್ಮ ಬೋಳುತಲೆ ಕ್ಯಾಷಿಯರನ್ನ ‘ಜಡೆಯಪ್ಪ’ ಅಂತ ಕರೀತಿರಲಿಲ್ವಾ? ಹಾಗೇನೇ.”

ಎಚ್ಚರಪ್ಪ ಆರಾಮ ಕುರ್ಚಿಗೆ ಕುಸಿದ. ಇಷ್ಟು ವರ್ಷ ತಲೆಯೆತ್ತಿ ಓಗೊಟ್ಟ ಹೆಸರು! ಕೊನೆಗೆ ಕುತೂಹಲದ್ದೇ ಮೇಲುಗೈಯಾಯಿತು.

“ಲೇ, ಮುಟ್ಟಿದ್ರೂ ಏಳ್ಲಿಲ್ಲ ಅಂದ್ಯಲ್ಲ. ಹಾಗಾದ್ರೆ ಅದು ಸ್ಲೀಪ್ ಅಲ್ಲ ತಾನೇ?”

“ಎಲ್ಲಿಯ ಸ್ಲೀಪು? ಸಾಕ್ಷಾತ್ ಕರಡಿ,” ಅಂದಳು ಹೆಂಡತಿ, ಲ್ಯಾಪ್‌ಟಾಪು ತನ್ನತ್ತ ಎಳೆದುಕೊಳ್ಳುತ್ತ.

ಅವನು ಬೆನ್ನು ನೆಟ್ಟಗೆ ಮಾಡಿದ. ಹಳೇ ಗೇಟಿನ ಗತ್ತಿನಲ್ಲಿ ಬೆರಳೆತ್ತಿದ. “ಆದರೂ ಲೇಖಕನ ಗಮನಕ್ಕೆ ತಾರದೆ ನಡೆಸಿದ ಈ ಕೃತ್ಯವನ್ನು ನಾನು ತೀವ್ರವಾಗಿ...”

ಹೆಂಡತಿ ಹೆಸರುಗಳನ್ನು ಕುಟ್ಟತೊಡಗಿದಳು. ಒಂದೊಂದು ಹೆಸರಿಗೂ ಸೆಕ್ರೆಟರಿ, “ಹೌದೌದು, ಆಕೆ ಚಾಲಕನ ಕೈಯಿಂದ ಬೀಗದ ಕೈ ಕಿತ್ಕೊಂಡೋಳು,” “ಅಯ್ಯೋ, ಆಕೆ ಬೈಗುಳ ನೆನೆದ್ರೆ ಈಗ್ಲೂ ಬೆವರು ಬರತ್ತೆ,” ಎನ್ನುತ್ತಿದ್ದ. ಹದಿನೆಂಟನೆಯದು ಅವಳದೇ ಹೆಸರು. ಅದನ್ನು ಕೊಂಚ ಗಟ್ಟಿಯಾಗಿಯೇ ಕುಟ್ಟಿದಳು. ಮಗಳು ಪೆನ್‌ಡ್ರೈವಿಗೆ ಹಾಕಿಕೊಟ್ಟಳು. ಟೀ ಲೋಟಗಳನ್ನು ತೊಳೆದದ್ದಾಯಿತು. ಸೆಕ್ರೆಟರಿ ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲಿಳಿದು, ಬೀದಿಯ ತಿರುವು ದಾಟಿಹೋದ. ಮನೆ ಶಾಂತವಾಯಿತು.

“...ಖಂಡಿಸ್ತೇನೆ!” ಎಂದ ಎಚ್ಚರಪ್ಪ, ಕಣ್ಣು ಬಿಟ್ಟು, ಬೆರಳು ಇಳಿಸದೆ.