ಸಾಹೇಬರು ಏಳುವ ತನಕ

ಆ ಕೋರ್ಟಿನಲ್ಲಿ ಒಂದು ಪದ್ಧತಿ. ನ್ಯಾಯಾಧೀಶರು ಪೀಠ ಬಿಟ್ಟು ಏಳುವವರೆಗೆ ಕೆಳಗೆ ಕೂತವರು ಯಾರೂ ಏಳುವಂತಿಲ್ಲ. ಅವರೋ, ಹನ್ನೊಂದಕ್ಕೆ ಕೂತರೆ ಎರಡರ ತನಕ ಅಲುಗಾಡುವ ಪೈಕಿಯಲ್ಲ. ಅವರು ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಸ್ಟೆನೋ ಹತ್ತೊಂಬತ್ತು ವರ್ಷ ಎಲ್ಲವನ್ನೂ ತಡೆದುಕೊಂಡು ಕೂತಿದ್ದ. ಕರೆದಾಗ ಹೋಗದಿದ್ದರೆ ಹೊಟ್ಟೆಯೂ ಕರೆಯುವುದನ್ನು ಬಿಡುತ್ತದೆ. ಈ ಸಲ ಅದು ಮುನಿಸಿಕೊಂಡು ಇವತ್ತಿಗೆ ಎಂಟು ದಿನ.

ಬೆಳಗ್ಗೆ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ ಹುಬ್ಬು ಗಂಟಿಕ್ಕಿದ್ದರು.

"ಮಲ ಕಲ್ಲಾಗಿ ದಾರಿ ಕಟ್ಟಿದೆ. ಹೀಗೇ ಬಿಟ್ರೆ ಅಪರೂಪಕ್ಕೆ ಕರುಳೇ ಹರಿಯುತ್ತೆ, ಜೀವಕ್ಕೇ ಸಂಚಕಾರ. ಈಗ್ಲೇ ಅಡ್ಮಿಟ್ ಆಗಿ."

"ಇವತ್ತು ದೊಡ್ಡ ತೀರ್ಪಿದೆ ಡಾಕ್ಟ್ರೇ. ಮಧ್ಯಾಹ್ನ ಬರ್ತೀನಿ."

"ವಾಂತಿ ಬರೋ ಹಾಗಾದ್ರೆ ಒಂದು ನಿಮಿಷಾನೂ ಕಾಯ್ಬೇಡಿ."

ಕೋರ್ಟಿನ ಬಾಗಿಲಲ್ಲೇ ಟೈಪಿಸ್ಟ್ ಅಕ್ಕ ಹಿಡಿದಳು. "ಏನಣ್ಣ, ಮುಖ ಹಿಂಡಿದ ಬಟ್ಟೆ ಥರ ಇದೆ?"

ನಿಜ ಹೇಳಲು ನಾಚಿಕೆ. "ಹಲ್ಲುನೋವು," ಎಂದ. ಅಷ್ಟು ಸಾಕಾಯಿತು. ಅಕ್ಕ ಬಾಯಿಗೆ ನಾಲ್ಕು ಲವಂಗ ತುರುಕಿದಳು. ಜವಾನ ತನ್ನ ಮಫ್ಲರ್ ಬಿಚ್ಚಿ ದವಡೆಗೆ ಬಿಗಿದ. ಗುಮಾಸ್ತರು, "ಯಾವ ಹಲ್ಲು, ತೋರ್ಸಿ," ಎಂದು ಟಾರ್ಚ್ ಹಿಡಿದೇ ಬಂದರು. ಗುಮ್ಮಟದಂಥ ಹೊಟ್ಟೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ತೀರ್ಪು ಶುರುವಾಯಿತು. ಹತ್ತನೆಯ ಪುಟಕ್ಕೆ ನೋವು ಅಲೆಅಲೆಯಾಗಿ ಬಂತು. "ಆದ್ದರಿಂದ" ಎಂದು ಸಾಹೇಬರು ಅಂದಾಗಲೆಲ್ಲ ಮುಗಿಯಿತು ಅಂದುಕೊಳ್ಳುವನು. ಹಿಂದೆಯೇ "ಆದಾಗ್ಯೂ" ಬರುವುದು. ಇಪ್ಪತ್ತನೆಯ ಪುಟದಲ್ಲಿ ಬೆನ್ನು ತೊಯ್ದು ಅಂಗಿ ಅಂಟಿಕೊಂಡಿತು. ನ್ಯಾಯಾಧೀಶರೂ ಬೆವರು ಒರೆಸುತ್ತ ಹಲ್ಲು ಕಚ್ಚಿ ಮಾತಾಡುತ್ತಿದ್ದರು. ತನ್ನ ಮಫ್ಲರ್ ನೋಡಿಯೇ ಅವರಿಗೆ ಸಿಟ್ಟು ಬಂದಿದೆ ಎಂದು ಅವನು ಇನ್ನಷ್ಟು ಕುಗ್ಗಿದ.

ನಲವತ್ತೊಂದನೆಯ ಪುಟದಲ್ಲಿ ಹೊಟ್ಟೆ ತೊಳಸಿತು. ಲವಂಗದ ಖಾರವೋ, ಕರುಳಿನ ಕೊನೆಯೋ? ಮನೆಯಲ್ಲಿ ಹೆಂಡತಿ, ಮಗಳು ಕಣ್ಣ ಮುಂದೆ ಬಂದರು. ಸಾಯಲು ಅವನಿಗೆ ನಿಜವಾಗಿಯೂ ಭಯವಾಯಿತು. ಅವನು ಎದ್ದು ನಿಂತ.

ಕೋರ್ಟಿನಲ್ಲಿ ಕೂತವರೆಲ್ಲ ಕತ್ತು ತಿರುಗಿಸಿ ಅವನನ್ನೇ ನೋಡಿದರು.

"ಕೂತ್ಕೊಳ್ರೀ," ಎಂದರು ನ್ಯಾಯಾಧೀಶರು. ಕೂರುವ ಮೊದಲೇ ಅವನು ಬಿದ್ದ.

ಎಚ್ಚರವಾದಾಗ ಆಸ್ಪತ್ರೆ. ಮೂಗಿನಲ್ಲಿ ಕೊಳವೆ, ಪಕ್ಕದಲ್ಲಿ ಕಣ್ಣೊರೆಸುತ್ತಿದ್ದ ಹೆಂಡತಿ. ಜವಾನ ತಂದುಕೊಟ್ಟ ಅವನ ಶೀಘ್ರಲಿಪಿಯ ನೋಟ್‌ಬುಕ್ಕು ಅವಳ ಮಡಿಲಲ್ಲಿತ್ತು.

"ಪುಣ್ಯ, ಹರಿದಿಲ್ಲ," ಎಂದರು ಡಾಕ್ಟರಮ್ಮ. "ಇನ್ನೊಂದು ಗಂಟೆ ತಡ ಆಗಿದ್ರೆ ಹೊಟ್ಟೆ ಕೊಯ್ಬೇಕಾಗ್ತಿತ್ತೇನೋ. ಎನಿಮಾ, ಡ್ರಿಪ್ಪು, ಐದು ದಿನ ಇಲ್ಲೇ."

ಐದು ದಿನ. ಪೀಠವಿಲ್ಲ, ತೀರ್ಪಿಲ್ಲ. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

ಸಂಜೆ ಪಕ್ಕದ ಹಾಸಿಗೆಗೆ ಇನ್ನೊಬ್ಬ ರೋಗಿಯನ್ನು ತಂದು ಮಲಗಿಸಿದರು. ಅವರ ಮೂಗಿನಲ್ಲೂ ಕೊಳವೆ. ಮುಖ ನೋಡಿ ಹೆಂಡತಿ ದಡಕ್ಕನೆ ಎದ್ದು ನಿಂತಳು.

"ನೀವು ಬಿದ್ರಿ, ಅದೇ ನೆಪದಲ್ಲಿ ನಾನೂ ಎದ್ದೆ," ಎಂದರು ನ್ಯಾಯಾಧೀಶರು, ಎಂದೂ ಇಲ್ಲದ ಮೆದು ದನಿಯಲ್ಲಿ. "ನಿಮ್ಗೆ ಎಷ್ಟು ದಿನ?"

"ಎಂಟು, ಸ್ವಾಮಿ."

"ನಂದು ಹನ್ನೊಂದು." ಇಲ್ಲೂ ಅವರೇ ಮೇಲು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು, "ಇನ್ನೂ ಅರವತ್ತು ಪುಟ ಬಾಕಿ ಇದೆ ಅಲ್ವೇನ್ರೀ? ಇಬ್ರಿಗೂ ಪುರುಸೊತ್ತಿದೆ, ಮುಗಿಸಿಬಿಡೋಣ."

ಅವನು ದಿಕ್ಕು ತೋಚದೆ ಹೆಂಡತಿಯ ಕಡೆ ನೋಡಿದ. ಅವಳು ನೋಟ್‌ಬುಕ್ಕು ಬಿಡಿಸಿ, ಚೀಲದಲ್ಲಿ ಹುಡುಕಿ, ಅವನ ಕೈಗೆ ಪೆನ್ಸಿಲ್ ಕೊಟ್ಟಳು.