ತೊಟ್ಟಿಲಲ್ಲಿ ಮಲಗಿದ ಪೆಟ್ರೋಲ್ ಟ್ಯಾಂಕಿ

ಮೋಟಾರ್ ಸೈಕಲನ್ನು ಕೆಡಿಸಿದ್ದು ತುಕ್ಕಲ್ಲ, ನಮ್ಮ ಮಾಸ್ಟ್ರ ಬುದ್ಧಿ. ಅವರು ಮಾತ್ರ ಕೊನೆಯವರೆಗೂ ತಪ್ಪನ್ನು ತುಕ್ಕಿನ ತಲೆಗೇ ಕಟ್ಟಿದರು. ಗಂಡಸರ ಅಭ್ಯಾಸವೇ ಹಾಗೆ. ಗೊತ್ತಿಲ್ಲದ ರೋಗಕ್ಕೆ ಗೊತ್ತಿರುವ ಮದ್ದು ಹಚ್ಚುತ್ತಾರೆ, ಮದ್ದು ಹಿಡಿಯದಿದ್ದರೆ ರೋಗವನ್ನು ಬೈಯುತ್ತಾರೆ.

ಮಾಸ್ಟ್ರು ಎಂದರೆ ನನ್ನ ಗಂಡ. ಮನೆ ಬಂಟ್ವಾಳ ಪೇಟೆಯಲ್ಲಿ, ಶಾಲೆ ಅಲ್ಲಿ ಮೂಡುಬಿದಿರೆಯ ಹತ್ತಿರದ ಪುತ್ತಿಗೆಯಲ್ಲಿ. ಬಸ್ಸು ಮನಸ್ಸು ಬಂದಾಗ ಬರುತ್ತಿದ್ದ ಕಾಲ ಅದು. ಬೆಳ್ತಂಗಡಿಯ ಕಂಟ್ರಾಕ್ಟರ್ ಒಬ್ಬರು ಕೊಟ್ಟಿಗೆಯ ಹಿಂದೆ ಎಸೆದಿದ್ದ ಹಳೆಯ ಮೋಟಾರ್ ಸೈಕಲನ್ನು ಇವರು ತಂದರು. ಟ್ಯಾಂಕಿಯ ಒಳಗೆಲ್ಲ ತುಕ್ಕು. ಇವರ ಅಜ್ಜನ ಕಾಲದವರು ನೇತ್ರಾವತಿಯಲ್ಲಿ ದೋಣಿ ನಡೆಸಿದವರು. ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದರೆ ಮರ ಕೆಡುವುದಿಲ್ಲ ಎಂದು ಆ ಮನೆಯಲ್ಲಿ ಹುಟ್ಟಿದ ಬೆಕ್ಕಿಗೂ ಗೊತ್ತು. ಇವರು ಅದಕ್ಕೆ ರಾಳ ಸೇರಿಸಿ ಕುದಿಸಿ ಟ್ಯಾಂಕಿಯ ಒಳಗೆ ಹೊಯ್ದರು. ದೋಣಿಗೆ ನೀರು ಒಳಗೆ ಬರಬಾರದು, ಟ್ಯಾಂಕಿಯಿಂದ ಪೆಟ್ರೋಲು ಹೊರಗೆ ಹೋಗಬಾರದು, ಎರಡೂ ಒಂದೇ ಲೆಕ್ಕ ಎಂದರು. ಲೆಕ್ಕದ ಮಾಸ್ಟ್ರಲ್ಲವೇ?

ಪೆಟ್ರೋಲು ನೀರಲ್ಲ. ಅದು ಆ ಲೇಪವನ್ನು ಮೆಲ್ಲಗೆ ತಿಂದಿತು. ಲೇಪ ಮೀನಿನ ಹುರುಪೆಯ ಹಾಗೆ ಎದ್ದು ಕೊಳವೆಗೆ ಸಿಕ್ಕಿಕೊಳ್ಳುತ್ತಿತ್ತು, ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತಿತ್ತು. ಒಂದು ದಿನ ಸಿದ್ದಕಟ್ಟೆಯ ತಿರುವಿನಲ್ಲಿ ನಿಂತಾಗ ಹಿಂದಿನಿಂದ ಬಂದ ಬಸ್ಸು ಇವರ ಬೆನ್ನಿಗೆ ಒಂದು ಗೇಣು ಬಿಟ್ಟು ನಿಂತಿತಂತೆ. ಡ್ರೈವರ್ ಇಳಿದು, "ಮಾಸ್ಟ್ರೇ, ನಿಮಗೆ ಪೆನ್ಶನ್ ತಿನ್ನುವ ಆಸೆ ಇಲ್ವಾ?" ಎಂದು ಕೇಳಿದನಂತೆ. ಇವರು ಇದನ್ನು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ಅಂದಿನಿಂದ ಸಂಜೆಯಾದರೆ ನನ್ನ ಕಿವಿ ರಸ್ತೆಯಲ್ಲಿ. ಸೊಪ್ಪು ಹೆಚ್ಚುವಾಗ ಎರಡು ಸಲ ಬೆರಳು ಕೊಯ್ದುಕೊಂಡೆ. ಪ್ರೀತಿ ಎಂದು ಯಾರೂ ತಿಳಿಯಬೇಡಿ. ಇವರಿಗೆ ಏನಾದರೂ ಆದರೆ ಇವರ ತಾಯಿಯ ಜೊತೆ ನಾನೊಬ್ಬಳೇ ಇರಬೇಕು.

ಕೊನೆಗೆ ನಾನೇ ಹಟ ಹಿಡಿದೆ, ಟ್ಯಾಂಕಿ ತೊಳೆಯದೆ ಗಾಡಿ ಅಂಗಳ ದಾಟಬಾರದು ಎಂದು. ತಾಮ್ರದ ಹಂಡೆಗೆ ಹುಳಿ ಹಾಕಿ ಉಜ್ಜುವುದಿಲ್ಲವೇ, ಹಾಗೆಯೇ ಹಲ್ಲು ಜುಮ್ಮೆನ್ನುವಷ್ಟು ಹುಳಿಯ ಬಿಂಬುಳಿ ಕಾಯಿ ಜಜ್ಜಿ ರಸ ಹೊಯ್ದೆವು. ಒಳಗೆ ಕೈ ಹೋಗುವುದಿಲ್ಲ, ಆದ್ದರಿಂದ ಉಜ್ಜಲಿಕ್ಕೆ ಗೋಲಿಯಷ್ಟು ಗಟ್ಟಿಯಾದ ಗಜ್ಜುಗದ ಕಾಯಿ ಹಾಕಿದೆವು. ಆದರೆ ಕುಲುಕಿ ಕುಲುಕಿ ಮಾಸ್ಟ್ರ ರಟ್ಟೆ ಬಿದ್ದುಹೋಯಿತು. ಆಗ ನಾನು ಅಟ್ಟದಿಂದ ಮಕ್ಕಳ ತೊಟ್ಟಿಲು ಇಳಿಸಿ, ಟ್ಯಾಂಕಿಯನ್ನು ಹಳೆ ಸೀರೆಯಲ್ಲಿ ಸುತ್ತಿ ಮಲಗಿಸಿದೆ. ಬರೀ ತೊಟ್ಟಿಲು ತೂಗಬಾರದು ಎಂದು ಅತ್ತೆ ತಕರಾರು ತೆಗೆದರು. ಇದು ಬರಿದಲ್ಲ ಎಂದು ಹಗ್ಗವನ್ನು ಅವರ ಕೈಗೇ ಕೊಟ್ಟೆ. ಪಕ್ಕದ ಮನೆಯ ಐಸಮ್ಮ ಬೇಲಿಯ ಹತ್ತಿರ ನಿಂತು ಸ್ವಲ್ಪ ಹೊತ್ತು ನೋಡಿದಳು.

"ಯಾರ ಮಗು ಅಕ್ಕ? ಹೊಟ್ಟೆಯಲ್ಲಿ ಗಡಗಡ ಉಂಟಲ್ಲ."

"ಮಾಸ್ಟ್ರದ್ದು," ಎಂದರು ಅತ್ತೆ.

ಸಂಜೆಯವರೆಗೆ ಕಪ್ಪು ನೀರು ಇಳಿಯಿತು, ತುಕ್ಕೂ ಹೋಯಿತು. ಲೇಪ ಮಾತ್ರ ಅರ್ಧ ಹಾಗೆಯೇ ಕಚ್ಚಿಕೊಂಡಿತ್ತು. ಒಣಗಲಿ, ಮತ್ತೆ ನೋಡುವ ಎಂದರು ಮಾಸ್ಟ್ರು. ನಮ್ಮಲ್ಲಿ ಒಣಗಬೇಕಾದದ್ದೆಲ್ಲ ಹೋಗುವುದು ಒಲೆಯ ಮೇಲಿನ ಅಟ್ಟಕ್ಕೆ. ಕೊಬ್ಬರಿ, ಒಣಮೀನು, ಒದ್ದೆ ಚಡ್ಡಿ ಎಲ್ಲ ಅಲ್ಲಿಗೇ. ಇವರು ನನಗೆ ಒಂದು ಮಾತೂ ಹೇಳದೆ ಟ್ಯಾಂಕಿಯನ್ನೂ ಅಲ್ಲಿಗೇ ಏರಿಸಿದರು, ಬಾಯಿ ಕೆಳಗೆ ಮಾಡಿ.

ನಾನು ಗಂಜಿಗೆ ಇಟ್ಟು ಬೆಂಕಿ ಊದುತ್ತಿದ್ದೆ. ಮೇಲಿನಿಂದ ಏನೋ ಒಂದು ಹನಿ ಬಿತ್ತು. ಬೆಂಕಿ ಭುಗ್ ಎಂದು ನನ್ನ ಮುಖದೆತ್ತರಕ್ಕೆ ಹಾರಿತು. ತಲೆ ಎತ್ತಿ ನೋಡಿದರೆ ಟ್ಯಾಂಕಿ. ಅದರೊಳಗೆ ಎಷ್ಟು ಪೆಟ್ರೋಲು ಉಳಿದಿದೆಯೋ, ಪಕ್ಕದ ಕೋಣೆಯಲ್ಲಿ ಅತ್ತೆ, ಜಗಲಿಯಲ್ಲಿ ಮಕ್ಕಳು. ಯೋಚಿಸಲು ಪುರುಸೊತ್ತಿರಲಿಲ್ಲ. ಕುದಿಯುತ್ತಿದ್ದ ಗಂಜಿಯನ್ನು ಮಡಕೆ ಸಮೇತ ಒಲೆಗೆ ಮಗುಚಿಬಿಟ್ಟೆ.

ಮಾಸ್ಟ್ರು ಓಡಿಬಂದು ಮೊದಲು ನೋಡಿದ್ದು ಗಂಜಿಯನ್ನು. ಟ್ಯಾಂಕಿಯಲ್ಲಿ ಪೆಟ್ರೋಲಿನ ವಾಸನೆಯೂ ಇಲ್ಲ, ಬಿದ್ದದ್ದು ಬರೀ ಲೇಪದ ಹನಿ, ಹೆಂಗಸರಿಗೆ ಸುಮ್ಮನೆ ಹೆದರಿಕೆ ಎಂದರು. ನಾನು ಊದುವ ಕೊಳವೆಯನ್ನು ಅವರ ಮುಂದೆ ಹಿಡಿದೆ.

"ಹಾಗಾದರೆ ಬೆಂಕಿ ಮಾಡಿ ನೀವೇ ಊದಿ."

ಅವರು ಕೊಳವೆ ನೋಡಿದರು, ಅಟ್ಟ ನೋಡಿದರು. ಏಣಿ ತಂದು ಟ್ಯಾಂಕಿ ಇಳಿಸಿದರು. ಇಳಿಸಿದರೆ ಬೆಂಕಿಯ ಬಿಸಿಗೆ ಉಳಿದ ಲೇಪವೆಲ್ಲ ಸಡಿಲವಾಗಿ, ಬೆಂದ ಹಲಸಿನ ಬೀಜದ ಸಿಪ್ಪೆಯ ಹಾಗೆ ಕಳಚಿ ಬಂತು. ಒಳಗೆ ತಗಡು ಹೊಳೆಯುತ್ತಿತ್ತು. ತಾನು ಇದಕ್ಕಾಗಿಯೇ ಅಟ್ಟಕ್ಕೆ ಇಟ್ಟದ್ದು ಎಂದು ಅವರು ಅತ್ತೆಗೆ ವಿವರಿಸುವುದು ನನಗೆ ಕೇಳಿಸಿತು. ಆ ದಿನ ಎಲ್ಲರೂ ಅವಲಕ್ಕಿ ತಿಂದು ಮಲಗಿದೆವು.

ಮರುದಿನ ಬೆಳಿಗ್ಗೆ ಅವರು ಗಾಡಿ ಹೊರಡಿಸಿದಾಗ ನಾನು ಸೀರೆ ಎತ್ತಿ ಕಟ್ಟಿ ಹಿಂದೆ ಹತ್ತಿ ಕೂತೆ. ಅಲ್ಲಿಯವರೆಗೆ ಅದನ್ನು ಹತ್ತಿದವಳೇ ಅಲ್ಲ. ನೀನೆಲ್ಲಿಗೆ ಎಂದರು. ನಿಂತರೆ ದೂಡಲಿಕ್ಕೆ ಒಬ್ಬರು ಬೇಕಲ್ಲ ಎಂದೆ. ಸಿದ್ದಕಟ್ಟೆಯ ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡೆ. ಹಾಳಾದ್ದು ಪುತ್ತಿಗೆಯವರೆಗೆ ಒಂದು ಕಡೆಯೂ ನಿಲ್ಲಲಿಲ್ಲ. ಶಾಲೆಯ ಅಂಗಳದಲ್ಲಿ ಮಾಸ್ಟ್ರು ಕೆಳದನಿಯಲ್ಲಿ, "ಇನ್ನು ಬಿಡು ಮಾರಾಯ್ತಿ, ಮಕ್ಕಳು ನೋಡ್ತಾರೆ," ಎಂದ ಮೇಲೆಯೇ ನಾನು ಅವರ ಅಂಗಿಯಿಂದ ಕೈ ಬಿಟ್ಟದ್ದು.