ಬೆಳ್ಳಮ್ಮನ ಸೋಮವಾರ

ದೊಡ್ಡಸಿದ್ದಯ್ಯ ಒಂದು ಹಿಡಿ ಅಕ್ಕಿ ಹಿಡಿದುಕೊಂಡು ತನ್ನ ಮನೆಯಲ್ಲೇ ಕಳ್ಳನ ಹಾಗೆ ನಿಂತಿದ್ದ.

ಕಾರ್ತಿಕದ ಕಡೆಯ ಸೋಮವಾರ ಮಾದಪ್ಪನ ಹೆಸರಿನಲ್ಲಿ ಮನೆಮನೆಗೆ ಹೋಗಿ ಕ್ವಾರಣ್ಯ ಬೇಡಿ, ಆ ಭಿಕ್ಷೆಯನ್ನೇ ಬೇಯಿಸಿ ಕೇರಿಯವರಿಗೆ ಉಣ್ಣಿಸುವುದು ಅವನ ಹೆಂಡತಿ ಬೆಳ್ಳಮ್ಮನ ವ್ರತ. ಈ ಯುಗಾದಿಯ ಹೊತ್ತಿಗೆ ಅವಳು ತೀರಿಕೊಂಡಿದ್ದಳು. ಹೋಗುವ ಮುಂಚೆ ಗಂಡನ ಕೈ ಹಿಡಿದು, "ಬಂದದ್ದ ಅವತ್ತೇ ಬೇಯ್ಸು. ನಾಳೀಕೆ ಅಂತ ಒಂದಗುಳೂ ಮಡೀಕಬ್ಯಾಡ. ಅಸ್ಕೊಂಡು ಬಂದೋರ್ಗೆ ಇಲ್ಲ ಅನ್ಬ್ಯಾಡ. ಮಿಕ್ಕಿದ್ದ ಮಾದಪ್ಪ ನೋಡ್ಕತಾನೆ" ಎಂದಿದ್ದಳು.

ಇವತ್ತು ಬೆಳಗ್ಗೆ ತಾನೇ ಕೇರಿ ಸುತ್ತಿ ಬೇಡಿ ತಂದ ಜೋಳಿಗೆಯೇನೋ ತುಂಬಿತ್ತು. ಆದರೆ ಮನೆಯ ಅಕ್ಕಿ ಡಬ್ಬ ಬರಿದಾಗಿತ್ತು. ರೇಷನ್ ಅಂಗಡಿ ತೆರೆಯಲು ಇನ್ನೂ ದಿನವಿತ್ತು. ಒಂದು ಹಿಡಿ ಎತ್ತಿಟ್ಟರೆ ನಾಳೆಯ ಗಂಜಿಗಾಗುತ್ತದಲ್ಲ! ಡಬ್ಬದ ಮುಚ್ಚಳ ತೆಗೆದ. ಗೋಡೆಯ ಮೇಲಿನ ಪಟದಿಂದ ಬೆಳ್ಳಮ್ಮ ನೋಡುತ್ತಿದ್ದಳು. ಅಕ್ಕಿ ಮತ್ತೆ ಜೋಳಿಗೆ ಸೇರಿತು.

ಪಕ್ಕದ ಮನೆಯ ನಾಗಮಣಿ ಗೋಡೆಯಾಚೆಯಿಂದ ಕೂಗಿದಳು: "ಅಣ್ಣೋ, ನೀನ್ ಬೇಯ್ಸಿದ್ದ ಕಂಡ್ರೆ ಮಾದಪ್ಪ ಉಲಿ ಅತ್ಕಂಡು ಬೆಟ್ಟುಕ್ಕೆ ಓಡೋಯ್ತನೆ!"

"ಓಡ್ಲಿ ಬುಡವ್ವ. ನೀನ್ ಬಾ."

"ಬತ್ತೀನಿ, ಬತ್ತೀನಿ."

ದೊಡ್ಡಸಿದ್ದಯ್ಯನದು ಖಾಸಗಿ ಬಸ್ಸುಗಳ ರಿಪೇರಿ ಮಾಡಿ ಸವೆದ ಕೈ. ಅನ್ನ ಮುದ್ದೆಯಾಯಿತು, ಮುದ್ದೆ ಅಂಬಲಿಯಾಯಿತು, ಸಾರು ಎಂಜಿನ್ ಆಯಿಲಿನಂತೆ ಮಿರಮಿರ ಮಿಂಚಿತು. ನಡುಹಗಲಿಗೆ ಎಲೆ ಹಾಸಿ ಕಾದ. ಒಂದು ನರಪಿಳ್ಳೆಯೂ ಬರಲಿಲ್ಲ. ಕೋಳಿಯೊಂದು ಬಂದು ಎಲೆಗಳ ಸಾಲು ನೋಡಿ, ಕತ್ತು ಕೊಂಕಿಸಿ ಹೋಯಿತು. ತನ್ನ ಅಡುಗೆಗೆ ಹೆದರಿ ಕೇರಿಯೇ ತಪ್ಪಿಸಿಕೊಂಡಿತು, ಬೆಳ್ಳಮ್ಮನ ವ್ರತ ತನ್ನ ಕೈಯಲ್ಲಿ ಕೆಟ್ಟಿತು ಎಂದುಕೊಂಡ. "ಮಾದಪ್ಪ, ಉಣ್ಣೋರ್ನಾದ್ರೂ ಕಳ್ಸಪ್ಪ" ಎಂದು ಕೈಮುಗಿದ.

ಢಬ್ಬೆಂದಿತು ರಸ್ತೆ. ಶಿವನಸಮುದ್ರದಿಂದ ಮಳವಳ್ಳಿಗೆ ಹೊರಟಿದ್ದ ಬಸ್ಸಿನ ಟೈರು ಒಡೆದಿತ್ತು. ಪಂಚರ್ ಕಂಡರೆ ಬೈಯುತ್ತಲೇ ಮುದುಕನಾದವನು ಅಂದು ಒಡೆದ ಟೈರಿಗೆ ನಮಸ್ಕಾರ ಮಾಡಿದ. ಅವನು ಕರೆದದ್ದೇ ಬಸ್ಸಿನವರೆಲ್ಲ ಬಂದು ಎಲೆಯ ಮುಂದೆ ಕೂತರು.

"ಉಪ್ಪು ಕಮ್ಮಿ ಕಣಜ್ಜೋ" ಎಂದ ಕಂಡಕ್ಟರು, ಬೆರಳು ನೆಕ್ಕುತ್ತ. "ಆದ್ರೆ ಅಸಿವು ಜಾಸ್ತಿ. ಆಕು, ಇನ್ನೊಸಿ ಆಕು."

ಬಡಿಸಿದವನಿಗೇ ಅಗುಳು ಉಳಿಯಲಿಲ್ಲ. ಸಂಜೆ ಪಾತ್ರೆ ತೊಳೆದು, ದೀಪ ಹಚ್ಚಿ, ಒಂದು ಚೊಂಬು ನೀರು ಕುಡಿದು ಪಟದ ಮುಂದೆ ನಿಂತ. "ಆಯ್ತು ಕಣಮ್ಮಿ. ಒಂದಗುಳೂ ಮಡೀಕನಿಲ್ಲ."

ಬಾಗಿಲಲ್ಲಿ ಸದ್ದಾಯಿತು. ನಾಗಮಣಿ, ಎದುರು ಮನೆಯ ಮರಿಸಿದ್ದಯ್ಯ, ಅವರ ಹಿಂದೆ ಇಡೀ ಕೇರಿ.

"ಎಲೆ ಆಕಣ್ಣ. ಬೆಳಗಿಂದ ಉಪಾಸ, ಒಂದ್ತೊಟ್ಟು ನೀರೂ ಕುಡ್ದಿಲ್ಲ" ಎಂದಳು ನಾಗಮಣಿ.

"ಈಗ್ಲಾ? ಮದ್ಯಾನ ಯಾಕ್ ಬರ್ನಿಲ್ಲ?"

ಮರಿಸಿದ್ದಯ್ಯ ಹುಬ್ಬೇರಿಸಿದ. "ಲೇ ಸಿದ್ದ, ನಾವ್ ಯಾವತ್ಲಾ ಮದ್ಯಾನ ಉಂಡಿದ್ದೋ? ನೀನ್ ಕೆಲ್ಸದಿಂದ ಬರೋಗಂಟ ಬೆಳ್ಳಮ್ಮ ಎಲೇನೇ ಆಕ್ತಿರ್ನಿಲ್ಲ ಕಣ್ಲಾ. ಅಸ್ಕೊಂಡು ಬತ್ತನೆ, ಅವನ್ ಜೊತೇಲೇ ಉಣ್ಣಿ ಅನ್ನೋಳು."

ದೊಡ್ಡಸಿದ್ದಯ್ಯ ಪಟದ ಕಡೆ ತಿರುಗಿದ. ಪ್ರತಿ ವರ್ಷ ದೀಪದ ಹೊತ್ತಿಗೆ ಮನೆ ತುಂಬ ಜನ ಕಂಡು, ಊಟ ಮಧ್ಯಾಹ್ನದಿಂದ ನಡೆದಿದೆ, ತಾನು ಕಡೆಯ ಪಂಕ್ತಿಯವನು ಎಂದುಕೊಂಡಿದ್ದ. ಅವಳು ಒಂದು ದಿನವೂ ಹೇಳಿರಲಿಲ್ಲ.

'ಇಲ್ಲ' ಎಂಬ ಮಾತು ನಾಲಗೆಯವರೆಗೆ ಬಂತು. ನುಂಗಿಕೊಂಡ. ಕಣ್ಣೊರೆಸಿ, ಗೂಟದಲ್ಲಿದ್ದ ಜೋಳಿಗೆ ಮತ್ತೆ ಹೆಗಲಿಗೇರಿಸಿದ.

"ಎಲ್ಲಾ ನಿಮ್ ನಿಮ್ ಮನೆ ಬಾಗ್ಲಲ್ ಓಗಿ ನಿಂತ್ಕಳ್ಳಿ" ಎಂದ. "ಬತ್ತೀನಿ."

ಹಸಿದ ಕೇರಿ ದಡಬಡನೆ ಮನೆಗೋಡಿತು. ಮೊದಲ ಬಾಗಿಲಲ್ಲಿ ನಾಗಮಣಿ ಏದುಸಿರು ಬಿಡುತ್ತ ಮೊರ ಹಿಡಿದು ನಿಂತಿದ್ದಳು.

"ಕ್ವಾರಣ್ಯ ನೀಡವ್ವೋ!"

ಅವಳು ಅಕ್ಕಿ ಸುರಿದಳು. ಅದರ ಮೇಲೊಂದು ಉಪ್ಪಿನ ಪೊಟ್ಟಣ ಇಟ್ಟಳು.

"ಬಿರ್ನೆ ಬೇಯ್ಸಣ್ಣೋ. ನೀನುಣ್ದೆ ನಾವ್ ಉಣ್ಣಂಗಿಲ್ಲ."